ಓದುಗರ ಪ್ರಶ್ನೆಗೆ ಉತ್ತರ: ಬದುಕಿನ ತೃಪ್ತಿಯ ಲೆಕ್ಕಾಚಾರ

ಜನರ ಬದುಕಿನ ತೃಪ್ತಿಗೂ ಅವರ ಸಾಮಾಜಿಕ, ಆರ್ಥಿಕ ಸ್ಥಿತಿಗತಿಗೂ ಇರುವ ನಂಟನ್ನು ಸಂಖ್ಯೆಗಳಲ್ಲಿ ಹಿಡಿಯುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಬಗೆಯವನ್ನು ಕೂಡಿಸಿ ಒಂದು ಮಾಡಿದ್ದೇವೆ. ಹೆಚ್ಚಿನವರು ಕೇಳಿರುವುದು ರಿಗ್ರೆಷನ್ ಬಗ್ಗೆ, ಅಂದರೆ ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವ ಲೆಕ್ಕದ ಬಗ್ಗೆ. ಆದರೆ ಕಾಗದಗಳನ್ನು ಓದುತ್ತ ಹೋದರೆ ತೊಂದರೆಯ ಬೇರು ಬಹುಪಾಲು ಅದಕ್ಕೂ ಮೊದಲೇ ಇದೆ: ಪ್ರಶ್ನೆ ಕೇಳಿದ ರೀತಿಯಲ್ಲಿ, ಡೇಟಾ ತುಂಬಿದ ರೀತಿಯಲ್ಲಿ.

ಪ್ರಶ್ನೆ: ಬದುಕಿನ ತೃಪ್ತಿಯನ್ನು ಒಂದೇ ಪ್ರಶ್ನೆಯಲ್ಲಿ ಕೇಳಿದರೆ ಸಾಕೇ, ಐದು ಪ್ರಶ್ನೆಗಳ ಮಾಪಕವೇ ಬೇಕೇ? ನನ್ನ ಪ್ರಶ್ನಾವಳಿ ಈಗಾಗಲೇ 14 ಪುಟ ಆಗಿದೆ.
— ಸಂಶೋಧನಾ ವಿದ್ಯಾರ್ಥಿನಿ

ಉತ್ತರ: 14 ಪುಟ ಆಗಿದ್ದರೆ ಒಂದೇ ಸಾಕು. ತೃಪ್ತಿ ನಿಮ್ಮ ಅಧ್ಯಯನದ ಹತ್ತು ವಿಷಯಗಳಲ್ಲಿ ಒಂದಾಗಿದ್ದರೆ ಒಂದು ಪ್ರಶ್ನೆ, ಅದೇ ಮುಖ್ಯ ವಿಷಯವಾಗಿದ್ದರೆ ಐದು.

ಒಂದು ಪ್ರಶ್ನೆಯಲ್ಲಿ ಎರಡು ಬಗೆ ಚಾಲ್ತಿಯಲ್ಲಿವೆ. ಮೊದಲನೆಯದು ನೇರ: 'ಒಟ್ಟಾರೆ ನೋಡಿದರೆ ಈಗಿನ ನಿಮ್ಮ ಬದುಕಿನ ಬಗ್ಗೆ ನಿಮಗೆ ಎಷ್ಟು ತೃಪ್ತಿಯಿದೆ?' ಎಂದು ಕೇಳಿ 0ಯಿಂದ 10ರವರೆಗೆ ಅಂಕ ಕೊಡಿಸುವುದು. ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಕೂಟವಾದ ಒಇಸಿಡಿ 2013ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದ್ದು ಈ 0–10 ಮಾಪಕವನ್ನೇ. ಎರಡನೆಯದು ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಪ್ರಕಟಿಸಿದ ಏಣಿ. ತುದಿಯ ಮೆಟ್ಟಿಲು 10, ಅಂದರೆ ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು. ತಳದ ಮೆಟ್ಟಿಲು 0, ಅತಿ ಕೆಟ್ಟ ಬದುಕು. ಈಗ ಯಾವ ಮೆಟ್ಟಿಲ ಮೇಲೆ ನಿಂತಿದ್ದೀರಿ? ಇವೆರಡೂ ಹತ್ತಿರದ ಸಂಬಂಧಿಗಳೇ ಹೊರತು ಒಂದೇ ಅಲ್ಲ. ಏಣಿಯ ಚಿತ್ರ ಕಂಡ ಕೂಡಲೇ ಜನ ಸ್ಥಾನಮಾನ, ದುಡ್ಡು ಎಂದು ಯೋಚಿಸುತ್ತಾರೆ. ಹಾಗಾಗಿ ಏಣಿಯ ಅಂಕ ವರಮಾನಕ್ಕೆ ಸ್ವಲ್ಪ ಹೆಚ್ಚೇ ಅಂಟಿಕೊಳ್ಳುತ್ತದೆ. ಒಂದು ಅಧ್ಯಯನದ ಏಣಿಯನ್ನು ಇನ್ನೊಂದರ ತೃಪ್ತಿಯ ಅಂಕದ ಪಕ್ಕದಲ್ಲಿಟ್ಟು 'ಇಲ್ಲಿ ಕಡಿಮೆ, ಅಲ್ಲಿ ಹೆಚ್ಚು' ಎನ್ನಬೇಡಿ.

ಐದು ಪ್ರಶ್ನೆಗಳದ್ದು ಡೀನರ್ ಮತ್ತು ಸಂಗಡಿಗರು 1985ರಲ್ಲಿ ಕೊಟ್ಟ ಮಾಪಕ. ಪ್ರತಿ ಹೇಳಿಕೆಗೆ 1ರಿಂದ 7 ಅಂಕ, ಒಟ್ಟು 5ರಿಂದ 35. ನಟ್ಟನಡುವೆ 20. 31 ಅಥವಾ ಹೆಚ್ಚು ಇದ್ದರೆ ಅತಿ ತೃಪ್ತರು, 9 ಅಥವಾ ಕಡಿಮೆ ಇದ್ದರೆ ಅತಿ ಅತೃಪ್ತರು. ಸ್ಯಾಂಪಲ್ ಕೈಗೆ ಬಂದ ಮೇಲೆ, ಐದೂ ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಅಳೆಯುವ ಕ್ರಾನ್‌ಬ್ಯಾಕ್ ಆಲ್ಫಾ ಲೆಕ್ಕ ಹಾಕಿ. 0.7ಕ್ಕಿಂತ ಕೆಳಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಅನುವಾದವನ್ನು, ಅದರಲ್ಲೂ ಐದನೆಯ ಹೇಳಿಕೆಯನ್ನು. 'ಮತ್ತೆ ಬದುಕುವ ಅವಕಾಶ ಸಿಕ್ಕರೆ ಬಹುಮಟ್ಟಿಗೆ ಏನನ್ನೂ ಬದಲಿಸುವುದಿಲ್ಲ' ಎಂಬುದು ಮಾಪಕದಲ್ಲೇ ದುರ್ಬಲ ಹೇಳಿಕೆ. ಪುನರ್ಜನ್ಮದ ಮಾತು ಬಂತೆಂದು ಕೇಳಿದವರ ಯೋಚನೆ ಬೇರೆ ಕಡೆಗೇ ಹೋಗಿಬಿಡುವುದುಂಟು. ಅನುವಾದ ಮಾಡಿದವರನ್ನು ಬಿಟ್ಟು ಬೇರೊಬ್ಬರಿಂದ ಅದನ್ನು ಮೂಲ ಭಾಷೆಗೆ ಮರಳಿ ತರಿಸಿ ತಾಳೆ ನೋಡಿ. ಆಮೇಲೆ 20–30 ಜನರ ಮೇಲೆ ಪ್ರಯೋಗಿಸಿ, ಅಂಕ ಕೊಟ್ಟ ಮೇಲೆ 'ಯಾಕೆ ಆ ಅಂಕ?' ಎಂದು ಕೇಳಿ. ಬಾಯಲ್ಲಿ ಬರುವ ಕಾರಣ ನಿಮ್ಮ ಪ್ರಶ್ನೆಗೆ ಸಂಬಂಧಿಸಿರದಿದ್ದರೆ ಪ್ರಶ್ನೆ ಕೆಟ್ಟಿದೆ ಎಂದರ್ಥ.

ಪ್ರಶ್ನೆ: ತೃಪ್ತಿಯ ಪ್ರಶ್ನೆಯನ್ನು ಕೊನೆಯಲ್ಲಿ ಇಟ್ಟಿದ್ದೇನೆ. ಆ ಹೊತ್ತಿಗೆ ಜನ ಮಾತಿಗೆ ಹೊಂದಿಕೊಂಡಿರುತ್ತಾರೆ ಎಂಬ ಲೆಕ್ಕಾಚಾರ. ಸರಿಯೇ?

ಉತ್ತರ: ಸರಿಯಲ್ಲ. ಆ ಹೊತ್ತಿಗೆ ನೀವು ಸಾಲ, ಕಾಯಿಲೆ, ಕೆಲಸ ಹೋದದ್ದು ಎಲ್ಲವನ್ನೂ ನೆನಪಿಸಿರುತ್ತೀರಿ. ಹಿಂದಿನ ಪ್ರಶ್ನೆಯ ನೆರಳು ಮುಂದಿನದರ ಮೇಲೆ ಬಿದ್ದೇ ಬೀಳುತ್ತದೆ. 1988ರಲ್ಲಿ ಸ್ಟ್ರಾಕ್, ಮಾರ್ಟಿನ್, ಶ್ವಾರ್ಟ್ಸ್ ಎಂಬುವರು ವಿದ್ಯಾರ್ಥಿಗಳಿಗೆ ಎರಡು ಪ್ರಶ್ನೆ ಹಾಕಿದರು: ಬದುಕು ಹೇಗಿದೆ, ಡೇಟಿಂಗ್ ಎಷ್ಟಾಗುತ್ತಿದೆ. ಬದುಕಿನ ಪ್ರಶ್ನೆ ಮೊದಲು ಬಂದಾಗ ಎರಡರ ನಡುವೆ ನಂಟೇ ಕಾಣಲಿಲ್ಲ, ಸಹಸಂಬಂಧ ಸೊನ್ನೆಯ ಆಸುಪಾಸಿನಲ್ಲೇ ಇತ್ತು. ಡೇಟಿಂಗ್ ಮೊದಲು ಬಂದಾಗ ಅದು 0.66ಕ್ಕೆ ಏರಿತು. ಚಿಕ್ಕ ಪ್ರಯೋಗ, ಪರಿಣಾಮ ಯಾವಾಗಲೂ ಅಷ್ಟು ದೊಡ್ಡದಿರುವುದಿಲ್ಲ. ಆದರೆ ದೊಡ್ಡ ಸಮೀಕ್ಷೆಗಳೂ ಇದರಿಂದ ತಪ್ಪಿಸಿಕೊಂಡಿಲ್ಲ: ಅಮೆರಿಕದ ಗ್ಯಾಲಪ್ ದೈನಿಕ ಸಮೀಕ್ಷೆಯಲ್ಲಿ ರಾಜಕೀಯದ ಪ್ರಶ್ನೆ ಕೇಳಿದ ಬೆನ್ನಿಗೇ ಏಣಿಯ ಪ್ರಶ್ನೆ ಬಂದಾಗ ಸರಾಸರಿ ಇಳಿದುಬಿಡುತ್ತಿತ್ತೆಂದು ಆ್ಯಂಗಸ್ ಡೀಟನ್ 2012ರಲ್ಲಿ ತೋರಿಸಿದರು.

ವಯಸ್ಸು, ಮನೆಯಲ್ಲಿ ಎಷ್ಟು ಜನ ಎಂಬಂಥ ಎರಡು ಮೂರು ಸಪ್ಪೆ ಪ್ರಶ್ನೆಗಳಾದ ಮೇಲೆ ತೃಪ್ತಿಯದನ್ನು ಕೇಳಿಬಿಡಿ. ಫೀಲ್ಡ್‌ವರ್ಕ್ ಅರ್ಧ ಮುಗಿದಿದ್ದರೆ ಉಳಿದರ್ಧಕ್ಕೆ ಜಾಗ ಬದಲಿಸಬೇಡಿ. ಹಾಗೆ ಮಾಡಿದರೆ ಒಂದೇ ಸ್ಯಾಂಪಲ್‌ನಲ್ಲಿ ಎರಡು ಅಳತೆಗೋಲು ಇಟ್ಟುಕೊಂಡಂತೆ.

ಸಮೀಕ್ಷಕರು ಎದುರು ಕೂತು ಕೇಳಿದಾಗ ಜನ ಸಾಮಾನ್ಯವಾಗಿ ಹೆಚ್ಚು ಅಂಕ ಹೇಳುತ್ತಾರೆ, ತಾವೇ ಫಾರ್ಮ್ ತುಂಬಿದರೆ ಕಡಿಮೆ. ಆದ್ದರಿಂದ ಯಾರು ಕೇಳಿದರು, ಪಕ್ಕದಲ್ಲಿ ಮನೆಯವರು ಇದ್ದರೇ ಎಂಬ ಎರಡು ಕಾಲಂ ಇಟ್ಟುಕೊಳ್ಳಿ. ಆಮೇಲೆ ಬೇಕೆಂದರೂ ಅವು ಸಿಗುವುದಿಲ್ಲ.

ಪ್ರಶ್ನೆ: 400 ಜನರ ಸಮೀಕ್ಷೆ. 0–10 ಮಾಪಕದಲ್ಲಿ ಸರಾಸರಿ 8.98 ಬಂದಿದೆ! ಬಡ ಕುಟುಂಬಗಳೇ ಹೆಚ್ಚಿರುವ ಸ್ಯಾಂಪಲ್‌ನಲ್ಲಿ ಇಷ್ಟು ತೃಪ್ತಿಯೇ? ಇದಕ್ಕೆ ಸೈದ್ಧಾಂತಿಕ ವಿವರಣೆ ಏನು ಕೊಡಬಹುದು?

ಉತ್ತರ: ಸಿದ್ಧಾಂತಕ್ಕೆ ಕೈಹಾಕುವ ಮೊದಲು ಆವೃತ್ತಿ ಪಟ್ಟಿ, ಅಂದರೆ ಯಾವ ಅಂಕವನ್ನು ಎಷ್ಟು ಜನ ಕೊಟ್ಟರು ಎಂಬ ಪಟ್ಟಿ, ತೆಗೆದು ನೋಡಿ. ನೀವು ಜೊತೆಗೆ ಕಳಿಸಿರುವ ಕೋಡ್ ಪಟ್ಟಿಯಲ್ಲಿ 'ಉತ್ತರವಿಲ್ಲ' ಎಂಬುದಕ್ಕೆ 99 ಎಂದಿದೆ. 400ರಲ್ಲಿ 12 ಜನ ಉತ್ತರಿಸಿಲ್ಲ, ಉಳಿದ 388 ಜನರ ಸರಾಸರಿ 6.2 ಎಂದು ಇಟ್ಟುಕೊಳ್ಳಿ. 388 × 6.2 = 2,405.6. ಅದಕ್ಕೆ 12 × 99 = 1,188 ಕೂಡಿಸಿದರೆ 3,593.6. 400ರಿಂದ ಭಾಗಿಸಿದರೆ 8.98. ನಿಮ್ಮ ಸಂಖ್ಯೆ ಅದೇ. ಬರೇ 3% ಜನರ ಮೌನ ಸರಾಸರಿಯನ್ನು ಸುಮಾರು 2.8 ಅಂಕ ಮೇಲಕ್ಕೆತ್ತಿದೆ.

ಎಕ್ಸೆಲ್‌ಗೆ 99 ಎಂದರೆ ತೊಂಬತ್ತೊಂಬತ್ತೇ. ಎಸ್‌ಪಿಎಸ್‌ಎಸ್‌ನಲ್ಲಿ ವೇರಿಯಬಲ್ ವ್ಯೂಗೆ ಹೋಗಿ ಮಿಸ್ಸಿಂಗ್ ಕಾಲಂನಲ್ಲಿ 99 ಎಂದು ನಮೂದಿಸಬೇಕು. ಆರ್‌ನಲ್ಲಾದರೆ ಎನ್‌ಎ ಎಂದು ಬದಲಿಸಬೇಕು. ಸರಾಸರಿಯ ಜೊತೆ ಯಾವಾಗಲೂ ಕನಿಷ್ಠ, ಗರಿಷ್ಠ ಎರಡನ್ನೂ ಮುದ್ರಿಸಿ ನೋಡುವ ಅಭ್ಯಾಸವಿದ್ದರೆ ಇಂಥದ್ದು ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. 0–10 ಮಾಪಕದಲ್ಲಿ ಗರಿಷ್ಠ 99 ಎಂದು ಕಂಡ ಮೇಲೂ ಸುಮ್ಮನಿರುವವರು ಕಡಿಮೆ.

ಕೋಡ್ ಸರಿಪಡಿಸಿದ ಮೇಲೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. 5, 8, 10ರಲ್ಲಿ ಗುಂಪುಗೂಡುವುದು ಸಹಜ. ಆದರೆ ಒಬ್ಬ ಸಮೀಕ್ಷಕರು ತಂದ 40 ಫಾರ್ಮ್‌ಗಳಲ್ಲಿ 35ರಲ್ಲಿ 5 ಇದ್ದರೆ ಆ ಫಾರ್ಮ್‌ಗಳನ್ನು ಮನೆಯಲ್ಲಿ ಕೂತು ತುಂಬಿರಬಹುದು.

ಪ್ರಶ್ನೆ: ವರಮಾನ ಹೆಚ್ಚಿದರೆ ತೃಪ್ತಿ ಹೆಚ್ಚುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ನನ್ನ ರಿಗ್ರೆಷನ್‌ನಲ್ಲಿ ಕುಟುಂಬದ ತಿಂಗಳ ವರಮಾನದ ಗುಣಾಂಕ 0.000 ಎಂದು ಬಂದಿದೆ, ಆದರೆ ಪಿ ಮೌಲ್ಯ (ಬರೇ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರುವ ಸಂಭವ) 0.01ಕ್ಕಿಂತ ಕಡಿಮೆ. ಸೊನ್ನೆಯೂ ಹೌದು, ಮಹತ್ವದ್ದೂ ಹೌದು ಎಂದರೆ ಹೇಗೆ?

ಉತ್ತರ: ಅದು ಸೊನ್ನೆಯಲ್ಲ. ಮೂರು ದಶಮಾಂಶಕ್ಕೆ ಕತ್ತರಿಸಿ ತೋರಿಸುವ ಟೇಬಲ್ 0.00002 ಅನ್ನು 0.000 ಎಂದೇ ಮುದ್ರಿಸುತ್ತದೆ. ವರಮಾನದಲ್ಲಿ ಒಂದೇ ಒಂದು ರೂಪಾಯಿ ಹೆಚ್ಚಾದರೆ ತೃಪ್ತಿ ಎಷ್ಟು ಏರುತ್ತದೆ ಎಂದು ಅದು ಹೇಳುತ್ತಿದೆ. 10,000 ಹೆಚ್ಚಾದರೆ 0.2 ಅಂಕ. ವರಮಾನವನ್ನು ಸಾವಿರದಿಂದ ಭಾಗಿಸಿ ಮತ್ತೆ ಓಡಿಸಿದರೆ 0.020 ಎಂದು ಕಾಣುತ್ತದೆ, ಅಷ್ಟೇ.

ಆದರೂ ಹಾಗೇ ಬಿಡಬೇಡಿ. 10,000 ದುಡಿಯುವವರಿಗೆ ಇನ್ನೊಂದು 10,000 ಸಿಗುವುದೂ, 2 ಲಕ್ಷ ದುಡಿಯುವವರಿಗೆ ಅಷ್ಟೇ ಸಿಗುವುದೂ ಒಂದೇ ಎಂದು ಈ ಮಾಡೆಲ್ ಹೇಳುತ್ತಿದೆ. ಯಾರೂ ಒಪ್ಪುವ ಮಾತಲ್ಲ. ವರಮಾನದ ಲಾಗ್ ತೆಗೆದುಕೊಳ್ಳಿ. ಆಗ ಲೆಕ್ಕ ಅನುಪಾತದ್ದಾಗುತ್ತದೆ. ಸ್ವಾಭಾವಿಕ ಲಾಗ್‌ನ ಗುಣಾಂಕ 0.6 ಬಂತೆನ್ನಿ. ವರಮಾನ ಇಮ್ಮಡಿಯಾದರೆ 0.6 × 0.693, ಅಂದರೆ ಸುಮಾರು 0.42 ಅಂಕ ಏರಿಕೆ. ಅದು 10,000ದಿಂದ 20,000ಕ್ಕೆ ಹೋದರೂ ಅಷ್ಟೇ, 50,000ದಿಂದ 1 ಲಕ್ಷಕ್ಕೆ ಹೋದರೂ ಅಷ್ಟೇ. 50,000 ಇದ್ದವರಿಗೆ 10,000 ಮಾತ್ರ ಹೆಚ್ಚಾದರೆ 0.11. ಪ್ರಬಂಧದಲ್ಲಿ ಗುಣಾಂಕದ ಜೊತೆ 'ಇಮ್ಮಡಿಯಾದರೆ ಇಷ್ಟು' ಎಂಬ ಒಂದು ಸಾಲು ಇರಲಿ. ಲಾಗ್ ಎಂದರೆ ಹೆದರುವ ಓದುಗರಿಗೂ ಅದು ತಿಳಿಯುತ್ತದೆ.

ಇನ್ನೊಂದು ತಪ್ಪು ನಿಮ್ಮ ಪ್ರಶ್ನೆಯಲ್ಲೇ ಕೂತಿದೆ: 'ಕುಟುಂಬದ ವರಮಾನ'. 48,000 ವರಮಾನದ ಮನೆಯಲ್ಲಿ ಒಬ್ಬರೇ ಇರುವುದಕ್ಕೂ, ಇಬ್ಬರು ದೊಡ್ಡವರು ಮೂವರು ಚಿಕ್ಕ ಮಕ್ಕಳು ಇರುವುದಕ್ಕೂ ಅಜಗಜಾಂತರ. ತಲಾ ಲೆಕ್ಕ ಹಾಕಿದರೆ ಐದು ಜನರ ಮನೆಗೆ 9,600. ಆದರೆ ಒಂದೇ ಸೂರು, ಒಂದೇ ಒಲೆ ಹಂಚಿಕೊಳ್ಳುವುದರಿಂದ ಇದು ತೀರಾ ಕಟುವಾದ ಲೆಕ್ಕ. ಒಇಸಿಡಿಯ ತಿದ್ದಿದ ಮಾಪಕದಲ್ಲಿ ಮೊದಲ ವಯಸ್ಕರಿಗೆ 1, ಅನಂತರದ ಪ್ರತಿ ವಯಸ್ಕರಿಗೆ 0.5, 14 ವರ್ಷದೊಳಗಿನ ಪ್ರತಿ ಮಗುವಿಗೆ 0.3. ಈ ಮನೆಗೆ 1 + 0.5 + 0.9 = 2.4. ಭಾಗಿಸಿದರೆ 20,000. ವಯಸ್ಸಿನ ವಿವರ ಇಲ್ಲದಿದ್ದರೆ ಮನೆಯ ಒಟ್ಟು ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ: 5ರ ವರ್ಗಮೂಲ 2.236, ಬರುವುದು ಸುಮಾರು 21,470. ಯಾವುದನ್ನು ಬಳಸಿದಿರಿ ಎಂದು ಬರೆಯಿರಿ. ಯಾವುದನ್ನೂ ಬಳಸದೆ ಒಟ್ಟು ವರಮಾನ ಹಾಕಿದರೆ ದೊಡ್ಡ ಕುಟುಂಬಗಳು ಸುಳ್ಳೇ ಸಿರಿವಂತವಾಗಿ ಕಾಣುತ್ತವೆ, ಗುಣಾಂಕ ಕುಗ್ಗುತ್ತದೆ.

ಇಲ್ಲಿ ಎಲ್ಲರೂ ಮುಗ್ಗರಿಸುವ ಕಲ್ಲೊಂದಿದೆ: ಸೊನ್ನೆ ವರಮಾನ. ಸೊನ್ನೆಗೆ ಲಾಗ್ ಇಲ್ಲ. 'ಎಲ್ಲರಿಗೂ 1 ಕೂಡಿಸಿ ಲಾಗ್ ತೆಗೆ' ಎಂಬ ಉಪಾಯ ಬಾಯಿಂದ ಬಾಯಿಗೆ ಹರಡಿದೆ. ಅದರ ಹಣೆಬರಹ ನೋಡಿ. ವರಮಾನ ರೂಪಾಯಿಯಲ್ಲಿದ್ದಾಗ 0 ಮತ್ತು 5,000 ಇರುವ ಇಬ್ಬರ ನಡುವಿನ ಅಂತರ ಲಾಗ್‌ನಲ್ಲಿ 8.5. ಅದೇ ವರಮಾನವನ್ನು ಸಾವಿರಗಳಲ್ಲಿ ಬರೆದರೆ, 0 ಮತ್ತು 5ರ ನಡುವೆ 1.79. ಜನ ಅವರೇ, ದುಡ್ಡು ಅದೇ, ಗುಣಾಂಕ ಮಾತ್ರ ಬೇರೆ! ಅಳತೆಯ ಮಾನ ಬದಲಿಸಿದರೆ ಬದಲಾಗುವ ಫಲಿತಾಂಶ ಫಲಿತಾಂಶವೇ ಅಲ್ಲ. ಇದರ ಬದಲು ಸೊನ್ನೆಯವರನ್ನು ಮೂರಾಗಿ ವಿಂಗಡಿಸಿ: ನಿಜಕ್ಕೂ ವರಮಾನ ಇಲ್ಲದವರು, ಹೇಳಲೊಪ್ಪದವರು, ಆ ತಿಂಗಳು ಮಾತ್ರ ದುಡಿಮೆ ಇಲ್ಲದವರು. ಎರಡನೆಯವರು ಸೊನ್ನೆಯಲ್ಲ, ಮಾಹಿತಿ ಇಲ್ಲದವರು. ಮೂರನೆಯವರಿಗೆ ವರ್ಷದ ವರಮಾನ ಕೇಳಬೇಕಿತ್ತು. ಉಳಿಯುವ ಮೊದಲ ಗುಂಪಿಗೆ ಪ್ರತ್ಯೇಕ 0/1 ಡಮ್ಮಿ ಕೊಡಿ, ಅಂದರೆ ಆ ಗುಂಪಿನವರಿಗೆ 1, ಉಳಿದವರಿಗೆ 0 ಎಂಬ ಒಂದು ಕಾಲಂ. ಅದೂ ಒಗ್ಗದಿದ್ದರೆ ವರಮಾನವನ್ನು ಐದು ಸಮ ಗುಂಪುಗಳಾಗಿ ಒಡೆದು ಗುಂಪುಗಳನ್ನೇ ಮಾಡೆಲ್‌ಗೆ ಹಾಕಿ. ದುಡಿಮೆ ಏರುಪೇರಾಗುವ ಮನೆಗಳಲ್ಲಿ ವರಮಾನಕ್ಕಿಂತ ತಿಂಗಳ ಖರ್ಚನ್ನು ಕೇಳುವುದೇ ನಂಬಿಕಸ್ಥ ದಾರಿ.

ಪ್ರಶ್ನೆ: ತೃಪ್ತಿಯ ಅಂಕಗಳು ಕೇವಲ ಕ್ರಮ ಸೂಚಿಸುತ್ತವೆ, ಅವುಗಳ ಸರಾಸರಿ ತೆಗೆಯುವುದೇ ತಪ್ಪು, ಆರ್ಡರ್ಡ್ ಲಾಜಿಟ್ (ಅಂಕಗಳನ್ನು ಬರೇ ಕ್ರಮವೆಂದು ಕಾಣುವ ಮಾಡೆಲ್) ಮಾಡಲೇಬೇಕು ಎನ್ನುತ್ತಾರೆ ನನ್ನ ಗೈಡ್. ಇನ್ನೊಬ್ಬ ಪ್ರಾಧ್ಯಾಪಕರು ಸಾದಾ ರಿಗ್ರೆಷನ್ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಗೈಡ್ ಸಹಿ ಹಾಕಬೇಕಾದವರು, ಅದನ್ನು ಮರೆಯಬೇಡಿ. ಇಬ್ಬರದ್ದೂ ಮಾಡಿ ಪಕ್ಕಪಕ್ಕದಲ್ಲಿ ಇಡಿ. 2004ರಲ್ಲಿ ಫೆರರ್-ಇ-ಕಾರ್ಬೊನೆಲ್ ಮತ್ತು ಫ್ರೈಟರ್ಸ್ ಇದನ್ನೇ ಪರೀಕ್ಷಿಸಿದಾಗ ಅಂಕಗಳನ್ನು ಕ್ರಮವೆಂದು ಕಂಡರೂ ಪರಿಮಾಣವೆಂದು ಕಂಡರೂ ತೀರ್ಮಾನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯಕ್ತಿಗಳ ಸ್ಥಿರ ಸ್ವಭಾವವನ್ನು ಲೆಕ್ಕಕ್ಕೆ ಹಿಡಿದರೋ ಬಿಟ್ಟರೋ ಎಂಬುದು ಮಾತ್ರ ಫಲಿತಾಂಶವನ್ನು ಬಹಳ ಬದಲಿಸಿತು.

ಆರ್ಡರ್ಡ್ ಲಾಜಿಟ್ ಮಾಡುವಾಗ ಎರಡು ಕಡೆ ಎಡವುತ್ತಾರೆ. 0, 1, 2ರಲ್ಲಿ ಬೆರಳೆಣಿಕೆಯ ಜನ ಮಾತ್ರ ಇದ್ದಾಗ ಅಂದಾಜು ಅಲ್ಲಾಡುತ್ತದೆ. ಆ ಮೂರನ್ನು ಒಂದೇ ವರ್ಗ ಮಾಡಿಕೊಳ್ಳಿ. ಇನ್ನೊಂದು, ಈ ಮಾಡೆಲ್ ಪ್ರತಿ ಹಂತದಲ್ಲೂ ಗುಣಾಂಕ ಒಂದೇ ಎಂದು ಭಾವಿಸುತ್ತದೆ. ಅದು ನಿಜವೇ ಎಂದು ನೋಡಲು ಬ್ರಾಂಟ್ ಪರೀಕ್ಷೆ ಇದೆ. ವರಮಾನ ಜನರನ್ನು 3ರಿಂದ 5ಕ್ಕೆ ಎತ್ತುತ್ತದೆ, 8ರಿಂದ 10ಕ್ಕೆ ಎತ್ತುವುದಿಲ್ಲ ಎಂಬಂಥ ಪರಿಸ್ಥಿತಿ ಇದ್ದರೆ ಪರೀಕ್ಷೆ ಸೋಲುತ್ತದೆ. ಆ ಸೋಲನ್ನು ಮುಚ್ಚಿಡಬೇಡಿ, ಅದೇ ನಿಮ್ಮ ಒಳ್ಳೆಯ ಅಧ್ಯಾಯವಾಗಬಹುದು.

ಸಾದಾ ರಿಗ್ರೆಷನ್ ಮಾಡಿದರೆ ರೋಬಸ್ಟ್ ಮಾನಕ ದೋಷ ಹಾಕಿ. ಮಾನಕ ದೋಷವೆಂದರೆ ಅಂದಾಜು ಎಷ್ಟು ಅಲ್ಲಾಡಬಹುದು ಎಂಬ ಅಳತೆ; ಚದುರುವಿಕೆ ಸಮವಿಲ್ಲದಿದ್ದರೂ ನಿಲ್ಲುವಂಥದ್ದು ರೋಬಸ್ಟ್. 0 ಮತ್ತು 10ರ ಗೋಡೆಗಳ ನಡುವೆ ಸಿಕ್ಕಿಕೊಂಡ ಅಂಕದ ಚದುರುವಿಕೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ.

ಎರಡು ಗುಂಪುಗಳ ಸರಾಸರಿ ಹೋಲಿಸುವವರಿಗೆ ಒಂದು ಸರಳ ತಪಾಸಣೆ. ಪ್ರತಿ ಗುಂಪಿನಲ್ಲೂ '0 ಅಥವಾ ಕಡಿಮೆ', '1 ಅಥವಾ ಕಡಿಮೆ' ಎಂದು 10ರವರೆಗೆ ಶೇಕಡಾವಾರು ಕೂಡಿಸುತ್ತ ಗೆರೆ ಎಳೆಯಿರಿ. ಒಂದು ಗೆರೆ ಎಲ್ಲೂ ಇನ್ನೊಂದನ್ನು ದಾಟದಿದ್ದರೆ, ಮೆಟ್ಟಿಲುಗಳ ನಡುವಿನ ಅಂತರ ಸಮವಿರಲಿ ಬಿಡಲಿ, ಯಾವ ಅಂಕ ಕೊಟ್ಟರೂ ಸರಾಸರಿಯಲ್ಲಿ ಕೆಳಗಿನ ಗೆರೆಯ ಗುಂಪೇ ಮುಂದೆ. ದಾಟಿದರೆ 'ಈ ಗುಂಪು ಹೆಚ್ಚು ತೃಪ್ತ' ಎನ್ನುವುದು ನೀವು ಕೊಟ್ಟ ಅಂಕದ ಮೇಲೆ ನಿಂತಿದೆ.

ಪ್ರಶ್ನೆ: ಎಷ್ಟು ಜನರನ್ನು ಕೇಳಬೇಕು? 384 ಎಂಬ ಸಂಖ್ಯೆ ಎಲ್ಲ ಕಡೆ ಕಾಣುತ್ತದೆ.

ಉತ್ತರ: 384 ಎಂಬುದು ಶೇಕಡಾವಾರು ಅಂದಾಜಿಗೆ: 95% ವಿಶ್ವಾಸ, 5% ತಪ್ಪಿನ ಅಂಚು, ಪಾಲು ಅರ್ಧಕ್ಕರ್ಧ ಎಂದುಕೊಂಡಾಗ ಬರುವ ಲೆಕ್ಕ. ನಿಮ್ಮ ಕೆಲಸ ಗುಂಪುಗಳನ್ನು ಹೋಲಿಸುವುದಾದರೆ ಅದನ್ನು ಮರೆತುಬಿಡಿ. 0–10 ಮಾಪಕದಲ್ಲಿ ಮಾನಕ ವಿಚಲನೆ, ಅಂದರೆ ಅಂಕಗಳ ಚದುರುವಿಕೆಯ ಅಳತೆ, ಸಾಮಾನ್ಯವಾಗಿ 2ರ ಆಸುಪಾಸು. ಎರಡು ಗುಂಪುಗಳ ನಡುವೆ 0.5 ಅಂಕದ ವ್ಯತ್ಯಾಸವನ್ನು ಹತ್ತರಲ್ಲಿ ಎಂಟು ಸಲವಾದರೂ ಹಿಡಿಯಬೇಕೆಂದರೆ ಪ್ರತಿ ಗುಂಪಿಗೆ 16 × 4 ÷ 0.25 = 256 ಜನ (16 ರೂಢಿಯ ಸ್ಥಿರಾಂಕ, 4 ವಿಚಲನೆಯ ವರ್ಗ, 0.25 ವ್ಯತ್ಯಾಸದ ವರ್ಗ). 0.3 ಅಂಕ ಹಿಡಿಯಬೇಕಾದರೆ 711. ನಿರುದ್ಯೋಗಿಗಳು ಸ್ಯಾಂಪಲ್‌ನ 8% ಮಾತ್ರ ಇರುತ್ತಾರೆಂದರೆ 256 ನಿರುದ್ಯೋಗಿಗಳಿಗಾಗಿ 3,200 ಮನೆ ಸುತ್ತಬೇಕು. ಅಷ್ಟು ಆಗದಿದ್ದರೆ ಆ ಗುಂಪನ್ನೇ ಬೇಕೆಂದು ಹೆಚ್ಚು ಆರಿಸಿ, ಆಮೇಲೆ ತೂಕ ಹಾಕಿ ಸರಿದೂಗಿಸಿ.

ಬಡಾವಣೆ, ಹಳ್ಳಿ ಎಂದು ಗೊಂಚಲಾಗಿ ಆರಿಸಿದರೆ ಇನ್ನೂ ಹೆಚ್ಚು ಬೇಕು. ಒಂದೇ ಕಡೆಯವರು ಒಬ್ಬರಂತೆ ಒಬ್ಬರು ಇರುತ್ತಾರೆ. ಒಂದು ಗೊಂಚಲಲ್ಲಿ 20 ಜನ, ಅವರ ನಡುವಿನ ಹೋಲಿಕೆ 0.05 ಇದ್ದರೂ ಸಾಕು, 1 + 19 × 0.05 = 1.95. ಅಂದರೆ ಹೆಚ್ಚುಕಮ್ಮಿ ಇಮ್ಮಡಿ ಸ್ಯಾಂಪಲ್. 10 ಹಳ್ಳಿಯಲ್ಲಿ 40 ಜನರ ಬದಲು 40 ಹಳ್ಳಿಯಲ್ಲಿ 10 ಜನರನ್ನು ಕೇಳಿ. ಓಡಾಟ ಹೆಚ್ಚು, ನಿಜ.

ಪ್ರಶ್ನೆ: ಕೆಲಸ ಕಳೆದುಕೊಂಡವರ ತೃಪ್ತಿ ಕಡಿಮೆ ಎಂದು ತೋರಿಸಿದೆ. 'ಮೊದಲೇ ಅತೃಪ್ತರಾದವರೇ ಕೆಲಸ ಕಳೆದುಕೊಂಡಿರಬಹುದಲ್ಲ?' ಎಂದು ವೈವಾದಲ್ಲಿ ಕೇಳಿದರು. ಉತ್ತರ ಹೊಳೆಯಲಿಲ್ಲ.

ಉತ್ತರ: ಒಂದೇ ಸಲ ಮಾಡಿದ ಸಮೀಕ್ಷೆಯಿಂದ ಆ ಪ್ರಶ್ನೆಗೆ ಉತ್ತರ ಇಲ್ಲ, 'ಇಲ್ಲ' ಎಂದೇ ಹೇಳಬಹುದಿತ್ತು. ಒಬ್ಬರನ್ನೇ ವರ್ಷವರ್ಷವೂ ಕೇಳುವ ಪ್ಯಾನೆಲ್ ಡೇಟಾ ಬೇಕು. ಆಗ ಕೆಲಸ ಇದ್ದಾಗಿನ ಅವರನ್ನು ಕೆಲಸ ಹೋದ ಅವರ ಜೊತೆಗೇ ಹೋಲಿಸಬಹುದು. ಹುಟ್ಟಾ ಸಿಡುಕರಾದರೂ ಆ ಸಿಡುಕು ಎರಡೂ ಕಡೆ ಇದ್ದು ವಜಾ ಆಗುತ್ತದೆ. ಫಿಕ್ಸ್ಡ್ ಎಫೆಕ್ಟ್ಸ್ ಎನ್ನುವುದು ಇದಕ್ಕೇ. 1984ರಲ್ಲಿ ಶುರುವಾದ ಜರ್ಮನಿಯ ಸಾಮಾಜಿಕ–ಆರ್ಥಿಕ ಪ್ಯಾನೆಲ್ ಬಳಸಿ ವಿಂಕೆಲ್‌ಮನ್ ದಂಪತಿ 1998ರಲ್ಲಿ ಹೀಗೆಯೇ ನೋಡಿದರು: ಸ್ವಭಾವ ಕಳೆದರೂ, ವರಮಾನದ ನಷ್ಟ ಕಳೆದರೂ ಕುಸಿತ ದೊಡ್ಡದಾಗಿಯೇ ಉಳಿಯಿತು. ಅದೇ ಪ್ಯಾನೆಲ್ ಮೇಲೆ 2004ರಲ್ಲಿ ಲೂಕಾಸ್ ಮತ್ತಿತರರು, ಮರಳಿ ಕೆಲಸ ಸಿಕ್ಕಮೇಲೂ ತೃಪ್ತಿ ಸರಾಸರಿಯಾಗಿ ಹಳೆಯ ಮಟ್ಟಕ್ಕೆ ಪೂರ್ತಿ ಬರಲಿಲ್ಲ ಎಂದು ಕಂಡರು.

ನಿಮ್ಮ ಮಾಡೆಲ್‌ನಲ್ಲಿ ಇನ್ನೊಂದು ಗಮನಿಸಬೇಕು. ನಿರುದ್ಯೋಗದ ಜೊತೆ ವರಮಾನ, ಆರೋಗ್ಯ, ಸಾಲ ಮೂರನ್ನೂ ಸೇರಿಸಿದ್ದೀರಿ. ಕೆಲಸ ಹೋದದ್ದಕ್ಕೇ ವರಮಾನ ಇಳಿದದ್ದು, ಸಾಲ ಏರಿದ್ದು. ಪರಿಣಾಮ ಹರಿಯುವ ಕಾಲುವೆಗೇ ಕಟ್ಟೆ ಹಾಕಿ, ನೀರು ಕಡಿಮೆ ಎಂದಂತಾಯಿತು. ಒಟ್ಟು ಪರಿಣಾಮ ಬೇಕಿದ್ದರೆ ವಯಸ್ಸು, ಲಿಂಗ, ಓದಿನಂಥ ಮೊದಲೇ ಇದ್ದ ಅಂಶಗಳನ್ನು ಮಾತ್ರ ಹಾಕಿ. ದುಡ್ಡಿನ ಹೊರತಾದ ನೋವು ಎಷ್ಟು ಎಂದು ಬೇಕಿದ್ದರೆ ಎರಡನೆಯ ಮಾಡೆಲ್‌ನಲ್ಲಿ ವರಮಾನ ಸೇರಿಸಿ. ಎರಡೂ ಗುಣಾಂಕ ಸರಿಯೇ, ಅವು ಬೇರೆಬೇರೆ ಪ್ರಶ್ನೆಗಳ ಉತ್ತರ.

ಪ್ರಶ್ನೆ: ಆರ್-ಸ್ಕ್ವೇರ್ (ತೃಪ್ತಿಯ ಏರಿಳಿತದಲ್ಲಿ ಮಾಡೆಲ್ ವಿವರಿಸುವ ಪಾಲು) 0.09 ಮಾತ್ರ ಬಂದಿದೆ. ಅಧ್ಯಯನ ದಂಡವೇ?

ಉತ್ತರ: ಅಲ್ಲ. ವ್ಯಕ್ತಿಮಟ್ಟದ ತೃಪ್ತಿಯಲ್ಲಿ ಸಾಮಾಜಿಕ–ಆರ್ಥಿಕ ಅಂಶಗಳಿಗೆ 0.05ರಿಂದ 0.20 ಬರುವುದು ಮಾಮೂಲು. ಸ್ವಭಾವ, ಆ ದಿನದ ಮನಸ್ಸು, ಅಳತೆಯ ಗದ್ದಲ ಎಲ್ಲವೂ ಉಳಿದ ಪಾಲಿನಲ್ಲಿವೆ. 0.60 ಬಂದರೆ ಹೆದರಿ. 'ನಿಮ್ಮ ವರಮಾನದ ಬಗ್ಗೆ ತೃಪ್ತಿಯಿದೆಯೇ', 'ಮನೆಯ ಬಗ್ಗೆ ತೃಪ್ತಿಯಿದೆಯೇ' ಎಂಬ ಉತ್ತರಗಳನ್ನೇ ಕಾರಣಗಳ ಕಡೆ ಹಾಕಿರುತ್ತೀರಿ. ತೃಪ್ತಿಯಿಂದ ತೃಪ್ತಿಯನ್ನು ವಿವರಿಸಿದರೆ ಆರ್-ಸ್ಕ್ವೇರ್ ಏರದೆ ಇನ್ನೇನು?

ಪ್ರಶ್ನೆ: ವಯಸ್ಸಿಗೂ ತೃಪ್ತಿಗೂ ಯು ಆಕಾರದ ನಂಟು ಎನ್ನುತ್ತಾರೆ. ತಳ ಎಲ್ಲಿದೆ ಎಂದು ಹೇಗೆ ಕಂಡುಹಿಡಿಯುವುದು?

ಉತ್ತರ: ವಯಸ್ಸು ಮತ್ತು ಅದರ ವರ್ಗ ಎರಡನ್ನೂ ಹಾಕಿ. ಮೊದಲನೆಯದರ ಗುಣಾಂಕ −0.09, ವರ್ಗದ್ದು 0.001 ಬಂದರೆ ತಳ 0.09 ÷ 0.002 = 45 ವರ್ಷ. ನಿಮ್ಮ ಸ್ಯಾಂಪಲ್ 20ರಿಂದ 40 ವಯಸ್ಸಿನವರದ್ದಾಗಿದ್ದರೆ ಈ 45 ಬರೇ ಗಣಿತ, ಅಲ್ಲಿ ನಿಮ್ಮ ಹತ್ತಿರ ಜನವೇ ಇಲ್ಲ. ಒಂದು ಸಲದ ಸಮೀಕ್ಷೆಯಲ್ಲಿ 60 ವರ್ಷದವರು ಬೇರೆ ತಲೆಮಾರಿನವರು ಎಂಬುದೂ ನೆನಪಿರಲಿ.

ಪ್ರಶ್ನೆ: ಜಾಗತಿಕ ಸಂತೋಷ ವರದಿ ಆರು ಅಂಶಗಳನ್ನು ಕೂಡಿಸಿ ದೇಶಗಳಿಗೆ ಅಂಕ ಕೊಡುತ್ತದಲ್ಲ, ಆ ಆರಕ್ಕೂ ಸಮಾನ ತೂಕವೇ? ಮತ್ತೆ, ಶ್ರೀಮಂತ ದೇಶಗಳು ಮೇಲಿದ್ದರೆ ಶ್ರೀಮಂತರು ಹೆಚ್ಚು ತೃಪ್ತರು ಎಂದಾಗುವುದಿಲ್ಲವೇ?

ಉತ್ತರ: ಕೂಡಿಸುವುದೇ ಇಲ್ಲ. 2012ರಿಂದ ಬರುತ್ತಿರುವ ಆ ವರದಿಯ ದೇಶವಾರು ಸ್ಥಾನ ನಿಂತಿರುವುದು ಗ್ಯಾಲಪ್ ವಿಶ್ವ ಸಮೀಕ್ಷೆಯ ಏಣಿ ಪ್ರಶ್ನೆಯೊಂದರ ಮೇಲೆ. ಸಾಮಾನ್ಯವಾಗಿ ದೇಶಕ್ಕೆ ವರ್ಷಕ್ಕೆ ಸುಮಾರು 1,000 ಜನ, ಮೂರು ವರ್ಷದ ಸರಾಸರಿ. ತಲಾ ಜಿಡಿಪಿ, ಸಾಮಾಜಿಕ ಆಸರೆ, ಆರೋಗ್ಯವಂತ ಆಯುಷ್ಯ, ಆಯ್ಕೆಯ ಸ್ವಾತಂತ್ರ್ಯ, ಔದಾರ್ಯ, ಭ್ರಷ್ಟಾಚಾರದ ಅನಿಸಿಕೆ ಎಂಬ ಆರು ಅಂಶಗಳು ಆ ಅಂಕವನ್ನು ವಿವರಿಸಲು ಆಮೇಲೆ ಬರುತ್ತವೆ. ಪತ್ರಿಕೆಗಳಲ್ಲಿ ಪ್ರತಿ ವರ್ಷ ತಪ್ಪಾಗಿ ಅಚ್ಚಾಗುವ ಸಂಗತಿ ಇದು.

ಎರಡನೆಯದಕ್ಕೆ: ದೇಶಗಳ ಸರಾಸರಿಯಿಂದ ವ್ಯಕ್ತಿಗಳ ಬಗ್ಗೆ ತೀರ್ಮಾನಿಸಲಾಗದು. 1950ರಲ್ಲಿ ರಾಬಿನ್ಸನ್ ಅಮೆರಿಕದ 1930ರ ಜನಗಣತಿಯಿಂದ ಇದನ್ನು ಮರೆಯಲಾಗದಂತೆ ತೋರಿಸಿದರು. ರಾಜ್ಯಗಳ ಮಟ್ಟದಲ್ಲಿ ವಿದೇಶದಲ್ಲಿ ಹುಟ್ಟಿದವರ ಪಾಲಿಗೂ ಅನಕ್ಷರತೆಗೂ ಸಹಸಂಬಂಧ ಸುಮಾರು −0.53; ವ್ಯಕ್ತಿಗಳ ಮಟ್ಟದಲ್ಲಿ +0.12. ಚಿಹ್ನೆಯೇ ತಿರುಗಿತು. ವಲಸಿಗರು ಸಾಕ್ಷರತೆ ಹೆಚ್ಚಿರುವ ರಾಜ್ಯಗಳಲ್ಲಿ ನೆಲೆಸಿದ್ದರು, ಅಷ್ಟೇ. ತೃಪ್ತಿಯಲ್ಲಿ ಒಂದು ದೇಶದ ಒಳಗೆ ಸಿರಿವಂತರು–ಬಡವರ ಹೋಲಿಕೆ, ದೇಶದೇಶಗಳ ಹೋಲಿಕೆ, ಒಂದೇ ದೇಶ ಕಾಲಾಂತರದಲ್ಲಿ ಬೆಳೆದದ್ದು ಇವು ಮೂರು ಬೇರೆ ಪ್ರಶ್ನೆಗಳು. ಈಸ್ಟರ್ಲಿನ್ 1974ರಲ್ಲಿ ಎತ್ತಿದ ವಿರೋಧಾಭಾಸ ಮೊದಲನೆಯದಕ್ಕೂ ಮೂರನೆಯದಕ್ಕೂ ತಾಳೆಯಾಗುವುದಿಲ್ಲ ಎಂಬುದರ ಬಗ್ಗೆ: ದೇಶದೊಳಗೆ ಸಿರಿವಂತರು ಹೆಚ್ಚು ತೃಪ್ತರು, ಆದರೆ ದೇಶ ಬೆಳೆದರೂ ಸರಾಸರಿ ತೃಪ್ತಿ ಏರುವುದಿಲ್ಲ. 2008ರಲ್ಲಿ ಸ್ಟೀವನ್‌ಸನ್ ಮತ್ತು ವುಲ್ಫರ್ಸ್ ಅದನ್ನು ಅಲ್ಲಗಳೆದರು, ಜಗಳ ಇನ್ನೂ ಮುಗಿದಿಲ್ಲ.

ಹಾಗೇ '75,000 ಡಾಲರ್ ಆದ ಮೇಲೆ ದುಡ್ಡಿನಿಂದ ಸುಖವಿಲ್ಲ' ಎಂದು ಬರೆದವರಿಗೂ ಒಂದು ಮಾತು. ಕಾನೆಮನ್ ಮತ್ತು ಡೀಟನ್ 2010ರಲ್ಲಿ ಆ ಮಟ್ಟದಲ್ಲಿ ನಿಂತಿತೆಂದದ್ದು ದಿನನಿತ್ಯದ ಭಾವನೆಗಳು. ಏಣಿಯ ಅಂಕ ಲಾಗ್ ವರಮಾನದ ಜೊತೆ ಏರುತ್ತಲೇ ಇತ್ತು. ಭಾವನೆಯ ಮಾತನ್ನೂ 2023ರಲ್ಲಿ ಕಿಲ್ಲಿಂಗ್ಸ್‌ವರ್ತ್, ಕಾನೆಮನ್, ಮೆಲ್ಲರ್ಸ್ ಒಟ್ಟಿಗೆ ತಿದ್ದಿದರು: ನಿಲ್ಲುವುದು ಅತ್ಯಂತ ಅಸುಖಿಗಳ ಗುಂಪಿನಲ್ಲಿ ಮಾತ್ರ.

ಪ್ರಶ್ನೆ: ವರಮಾನ ಹೇಳಲು 22% ಜನ ಒಪ್ಪಲಿಲ್ಲ. ಅವರನ್ನು ಬಿಟ್ಟು ಲೆಕ್ಕ ಮುಗಿಸಲೇ, ಅಥವಾ ಸರಾಸರಿ ವರಮಾನ ತುಂಬಿಬಿಡಲೇ?

ಉತ್ತರ: ಸರಾಸರಿ ತುಂಬುವುದು ಎಲ್ಲಕ್ಕಿಂತ ಕೆಟ್ಟದ್ದು. 22% ಜನ ಒಂದೇ ಬಿಂದುವಿನಲ್ಲಿ ರಾಶಿಬಿದ್ದು ವರಮಾನದ ಹರವು ಕುಗ್ಗುತ್ತದೆ, ಮಾನಕ ದೋಷ ಸುಳ್ಳೇ ಚಿಕ್ಕದಾಗುತ್ತದೆ. ಬಿಟ್ಟುಬಿಡುವ ಮೊದಲು ಹೇಳಿದವರನ್ನೂ ಹೇಳದವರನ್ನೂ ತೃಪ್ತಿ, ವಯಸ್ಸು, ಓದು, ಉದ್ಯೋಗದಲ್ಲಿ ಹೋಲಿಸಿ. ಬಾಯಿಬಿಡದವರು ಹೆಚ್ಚಾಗಿ ಎರಡು ತುದಿಗಳಲ್ಲಿ ಇರುತ್ತಾರೆ, ಬಹಳ ಇರುವವರು ಮತ್ತು ಏನೂ ಇಲ್ಲದವರು. ಹಾಗಿದ್ದರೆ ಬಿಟ್ಟ ಲೆಕ್ಕ ನಡುವಿನವರ ಲೆಕ್ಕ ಮಾತ್ರ.

ಬಹು ತುಂಬಿಕೆ, ಅಂದರೆ ಮಲ್ಟಿಪಲ್ ಇಂಪ್ಯುಟೇಷನ್ ಮಾಡಿ: ಬಿಟ್ಟುಹೋದ ವರಮಾನವನ್ನು ಬೇರೆ ಉತ್ತರಗಳಿಂದ ಅಂದಾಜಿಸಿ, ಹಾಗೆ ತುಂಬಿದ ಡೇಟಾದ ಹಲವು ಪ್ರತಿ ಮಾಡಿಕೊಳ್ಳುವುದು. ವರಮಾನದ ಲಾಗ್ ಅನ್ನು ತುಂಬಿಸಿ. ತುಂಬುವ ಮಾಡೆಲ್‌ನಲ್ಲಿ ಓದು, ಉದ್ಯೋಗ, ಮನೆಯಲ್ಲಿರುವ ಆಸ್ತಿಪಾಸ್ತಿಯ ಜೊತೆಗೆ ತೃಪ್ತಿಯ ಅಂಕವನ್ನೂ ಸೇರಿಸಲೇಬೇಕು. 'ಫಲಿತವನ್ನೇ ಬಳಸಿದರೆ ಮೋಸವಲ್ಲವೇ' ಎಂದು ಅದನ್ನು ಬಿಟ್ಟವರ ಗುಣಾಂಕ ಸೊನ್ನೆಯ ಕಡೆಗೆ ಜಾರುತ್ತದೆ. ಕೊರತೆಯ ಶೇಕಡಾ ಎಷ್ಟೋ ಅಷ್ಟು ಪ್ರತಿಗಳಾದರೂ ಇರಲಿ; ನಿಮಗೆ 22, ಸುಲಭಕ್ಕೆ 25. ಪ್ರತಿಯೊಂದರಲ್ಲೂ ರಿಗ್ರೆಷನ್ ಓಡಿಸಿ ರೂಬಿನ್ ನಿಯಮದಂತೆ ಒಗ್ಗೂಡಿಸಿದರೆ ಮಾನಕ ದೋಷ ಪ್ರಾಮಾಣಿಕವಾಗಿ ದೊಡ್ಡದಾಗಿ ಬರುತ್ತದೆ.

ಮುಂದಿನ ಸಲ 'ಎಷ್ಟು?' ಎಂದು ನೇರ ಕೇಳಿ ಉತ್ತರ ಬಾರದಿದ್ದರೆ ಕೂಡಲೇ ಎಂಟು ಹತ್ತು ವರಮಾನ ವ್ಯಾಪ್ತಿಗಳಿರುವ ಕಾರ್ಡ್ ಮುಂದೆ ಹಿಡಿದು 'ಇದರಲ್ಲಿ ಯಾವ ಅಕ್ಷರ?' ಎಂದು ಕೇಳಿಸಿ. ಸಂಖ್ಯೆ ಹೇಳಲು ಹಿಂಜರಿದವರಲ್ಲಿ ಎಷ್ಟೋ ಜನ ಅಕ್ಷರ ಹೇಳಿಬಿಡುತ್ತಾರೆ.